ಗಡ್ಡೆ ಉಳಿದರೂ ಮುಖ ಉಳಿಯಲಿ

ಶಸ್ತ್ರಚಿಕಿತ್ಸಾ ಕೊಠಡಿಯಿಂದ ವೈದ್ಯರು ಹೊರಗೆ ಬಂದ ಕೂಡಲೇ ಮನೆಯವರು ಕೇಳುವ ಮೊದಲ ಮಾತು ಜೀವದ ಬಗ್ಗೆ. ಎರಡನೆಯದು, ‘ಗಡ್ಡೆ ಪೂರ್ತಿ ತೆಗೆದ್ರಾ ಡಾಕ್ಟ್ರೇ?’ ಕೇಳುವವರನ್ನು ದೂರುವಂತಿಲ್ಲ. ಮೈಯೊಳಗೆ ಬೇಡದ್ದೊಂದು ಬೆಳೆದಿದೆ ಎಂದಾದರೆ ಅದು ಚೂರೂ ಉಳಿಯದೆ ಹೋಗಲಿ ಎಂದು ಬಯಸುವುದು ಸಹಜ. ಕರುಳಿನ ಅಥವಾ ಸ್ತನದ ಕ್ಯಾನ್ಸರ್ ಆದರೆ ಆ ಬಯಕೆಗೆ ವೈದ್ಯಶಾಸ್ತ್ರದ ಆಧಾರವೂ ಇದೆ. ಆದರೆ ತಲೆಬುರುಡೆಯ ತಳದಲ್ಲಿ ಬೆಳೆಯುವ ಗಡ್ಡೆಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಎಲ್ಲಕ್ಕಿಂತ ಮುಂದೆ ಇಟ್ಟುಕೊಂಡರೆ ರೋಗಿಗೆ ಕೇಡಾಗುತ್ತದೆ ಎಂಬುದು ನನ್ನ ವಾದ. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಕಣ್ಣು ಮುಚ್ಚುತ್ತಿದೆಯೇ? ನೀರು ನುಂಗಲು ಆಗುತ್ತಿದೆಯೇ? ದೃಷ್ಟಿ ಇದೆಯೇ? ದನಿ ಹೊರಡುತ್ತಿದೆಯೇ? ಗಡ್ಡೆಯ ಸಣ್ಣದೊಂದು ಪದರ ಒಳಗೆ ಉಳಿದಿದ್ದು, ಇವಿಷ್ಟಕ್ಕೂ ‘ಹೌದು’ ಎಂಬ ಉತ್ತರ ಸಿಕ್ಕರೆ ಅದನ್ನು ಗೆದ್ದ ಶಸ್ತ್ರಚಿಕಿತ್ಸೆ ಎಂದೇ ಎಣಿಸಬೇಕು.

ಮಿದುಳು ಕೂತಿರುವ ಎಲುಬಿನ ನೆಲವೇ ಬುರುಡೆಯ ತಳ. ಮುಂಭಾಗದಲ್ಲಿ ಅದು ಮೂಗಿಗೂ ಕಣ್ಣುಗುಳಿಗೂ ಚಾವಣಿ. ನಡುವೆ ಪಿಟ್ಯುಟರಿ ಗ್ರಂಥಿ ಅಡಗಿರುವ ಪುಟ್ಟ ತಗ್ಗು. ಎರಡೂ ಪಕ್ಕಕ್ಕೆ ಒಳಗಿವಿಯನ್ನು ಹೊತ್ತ, ದೇಹದ ಅತಿ ಗಟ್ಟಿ ಎಲುಬುಗಳಲ್ಲೊಂದು. ಹಿಂದೆ ಬೆನ್ನುಹುರಿ ಇಳಿದುಹೋಗುವ ದೊಡ್ಡ ರಂಧ್ರ. ನೆತ್ತಿಯ ಕಡೆಯ ಬುರುಡೆಯಿಂದ ಒಂದು ತುಂಡನ್ನು ಕತ್ತರಿಸಿ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಕೂರಿಸಬಹುದು. ತಳದಲ್ಲಿ ಆ ಸ್ವಾತಂತ್ರ್ಯವಿಲ್ಲ. ಮಿದುಳಿಗೆ ರಕ್ತ ತರುವ ನಾಲ್ಕು ದೊಡ್ಡ ಅಪಧಮನಿಗಳು ಈ ನೆಲವನ್ನು ತೂರಿಕೊಂಡೇ ಮೇಲೇರುತ್ತವೆ. ಹನ್ನೆರಡು ಜೊತೆ ಕಪಾಲನರಗಳು ಇದರ ರಂಧ್ರಗಳಲ್ಲೇ ಹಾದು ಮುಖಕ್ಕೂ ಗಂಟಲಿಗೂ ಹೋಗುತ್ತವೆ. ವಾಸನೆ, ನೋಟ, ಕಣ್ಣುಗುಡ್ಡೆಯ ತಿರುಗಾಟ, ಕೆನ್ನೆಯ ಸ್ಪರ್ಶ, ನಗು, ಶ್ರವಣ, ಸಮತೋಲ, ನುಂಗುವುದು, ಮಾತು, ನಾಲಗೆಯ ಹೊರಳಾಟ: ಮನುಷ್ಯನನ್ನು ಇತರ ಮನುಷ್ಯರೊಂದಿಗೆ ಬೆಸೆಯುವ ಬಹುಪಾಲು ಎಲ್ಲವೂ ಒಂದು ಅಂಗೈಯಷ್ಟು ಜಾಗದಲ್ಲಿ ಸಾಗುತ್ತದೆ.

ಇಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಿದುಳ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ, ನರದ ಕವಚದಿಂದ ಹುಟ್ಟುವ ಶ್ವಾನೋಮಾ, ಪಿಟ್ಯುಟರಿ ಗ್ರಂಥಿಯ ಅಡಿನೋಮಾ ಇವು ಬಹುಪಾಲು ನಿಧಾನವಾಗಿ ಬೆಳೆಯುತ್ತವೆ, ದೇಹದ ಬೇರೆ ಕಡೆಗೆ ಹರಡುವುದಿಲ್ಲ. ಇವುಗಳ ಅಪಾಯವೆಲ್ಲ ಇವು ಕೂತಿರುವ ಸ್ಥಳದ್ದು. ಹೀಗಾಗಿ ಗಡ್ಡೆ ಮಾಡುವ ಹಾನಿಗಿಂತ ಗಡ್ಡೆ ತೆಗೆಯುವ ಕೈ ಮಾಡುವ ಹಾನಿ ದೊಡ್ಡದಾಗುವ ಸಾಧ್ಯತೆ ಇಲ್ಲಿ ಸದಾ ಇರುತ್ತದೆ.

ಶ್ರವಣ-ಸಮತೋಲ ನರದ ಮೇಲೆ ಬೆಳೆಯುವ ಗಡ್ಡೆಯ ಕಥೆಯನ್ನೇ ತೆಗೆದುಕೊಳ್ಳೋಣ. ಹಳಬರು ಇದನ್ನು ‘ಅಕೌಸ್ಟಿಕ್ ನ್ಯೂರೋಮಾ’ ಎನ್ನುತ್ತಿದ್ದರು, ಈಗಿನ ಹೆಸರು ‘ವೆಸ್ಟಿಬ್ಯುಲರ್ ಶ್ವಾನೋಮಾ’. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೆ ಅಥವಾ ಇನ್ನೂ ತುಸು ಹೆಚ್ಚು ಮಂದಿಗೆ ಇದು ಬರುತ್ತದೆ. ಒಳಗಿವಿಯಿಂದ ಮಿದುಳಕಾಂಡಕ್ಕೆ ಹೋಗುವ ಸುಮಾರು ಒಂದು ಸೆಂಟಿಮೀಟರ್ ಉದ್ದದ ಎಲುಬಿನ ಕಾಲುವೆಯಲ್ಲಿ ಶ್ರವಣ ನರವೂ ಮುಖದ ಸ್ನಾಯುಗಳನ್ನು ಆಡಿಸುವ ಮುಖನರವೂ ಒಟ್ಟಿಗೇ ಸಾಗುತ್ತವೆ. ಗಡ್ಡೆ ಬೆಳೆಯುತ್ತ ಕಾಲುವೆಯಿಂದ ಹೊರಬಂದು ಮಿದುಳಕಾಂಡವನ್ನು ಒತ್ತುತ್ತದೆ. ಅಷ್ಟು ಹೊತ್ತಿಗೆ ಮುಖನರ ತೆಳುವಾದ ಪಟ್ಟಿಯಾಗಿ ಗಡ್ಡೆಯ ಮೈಮೇಲೆ ಹರಡಿಕೊಂಡಿರುತ್ತದೆ, ಅದೂ ಹೆಚ್ಚಿನ ಸಲ ಮುಂಭಾಗದಲ್ಲಿ. ಕಿವಿಯ ಹಿಂದಿನಿಂದ ಒಳಹೊಕ್ಕ ವೈದ್ಯರಿಗೆ ಮೊದಲು ಕಾಣುವುದು ಗಡ್ಡೆ. ಉಳಿಸಬೇಕಾದ ನರ ಅದರ ಆಚೆ ಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ. ಈ ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ಈ ಒಂದು ಸಂಗತಿಯಲ್ಲಿದೆ.

1894ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸ್ ಈ ಜಾಗದ ಗಡ್ಡೆಯೊಂದನ್ನು ಬೆರಳು ತೂರಿಸಿ ಬಿಡಿಸಿ ತೆಗೆದರು. ರೋಗಿ ಬದುಕಿದಳು, ಮುಖದ ಅರ್ಧ ಭಾಗದ ಚಲನೆ ಹೋಯಿತು. ಆಕೆಯದು ಅದೃಷ್ಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೀಗೆ ಬೆರಳಿನಿಂದ ಗಡ್ಡೆ ಕಿತ್ತವರ ಬಳಿ ಹೋದ ರೋಗಿಗಳಲ್ಲಿ ಶೇ. 80ರ ಆಸುಪಾಸು ಮಂದಿ ಸತ್ತರು. ಆಗ ಬಂದವರು ಹಾರ್ವಿ ಕುಶಿಂಗ್. ಗಡ್ಡೆಯ ಕವಚವನ್ನು ಮುಟ್ಟದೆ ಒಳಗಿನ ತಿರುಳನ್ನಷ್ಟೇ ತೋಡಿ ತೆಗೆದರೆ ಮಿದುಳಕಾಂಡದ ಮೇಲಿನ ಒತ್ತಡ ಇಳಿಯುತ್ತದೆ, ರೋಗಿ ಉಳಿಯುತ್ತಾನೆ ಎಂದು ಅವರು ತೋರಿಸಿದರು. 1917ರಲ್ಲಿ ಈ ಗಡ್ಡೆಗಳ ಮೇಲೆ ಅವರು ಒಂದು ಇಡೀ ಗ್ರಂಥ ಬರೆಯುವ ಹೊತ್ತಿಗೆ ಅವರ ಕೈಯಲ್ಲಿ ಸಾವಿನ ಪ್ರಮಾಣ ಶೇ. 20ರ ಹತ್ತಿರಕ್ಕೆ ಇಳಿದಿತ್ತು. ಆದರೆ ಬಿಟ್ಟ ಗಡ್ಡೆ ಸುಮ್ಮನಿರಲಿಲ್ಲ. ಹಲವರಲ್ಲಿ ಅದು ಮತ್ತೆ ಬೆಳೆದು ಕೆಲವೇ ವರ್ಷಗಳಲ್ಲಿ ಜೀವ ತೆಗೆಯಿತು.

ಕುಶಿಂಗ್ ಅವರ ಬಳಿಯೇ ಪಳಗಿ, ಮುಂದೆ ಅವರ ಕಡು ಎದುರಾಳಿಯಾದ ವಾಲ್ಟರ್ ಡ್ಯಾಂಡಿ ಇದಕ್ಕೆ ವಿರುದ್ಧ ದಾರಿ ಹಿಡಿದರು. ಬಾಲ್ಟಿಮೋರಿನಲ್ಲಿ ಅವರು 1920ರ ದಶಕದಿಂದ ಕವಚ ಸಹಿತ ಗಡ್ಡೆಯನ್ನು ಪೂರ್ತಿ ತೆಗೆಯತೊಡಗಿದರು. ಗಡ್ಡೆ ಮರಳಲಿಲ್ಲ, ಮುಖನರವೂ ಉಳಿಯಲಿಲ್ಲ. ಮುಖ ಹೋಗುವುದು ಪ್ರಾಣಕ್ಕೆ ತೆರಬೇಕಾದ ಬೆಲೆ ಎಂದೇ ಆ ಕಾಲ ಒಪ್ಪಿಕೊಂಡಿತು. ಇಬ್ಬರೂ ತಮ್ಮ ಕಾಲದ ಮಿತಿಯೊಳಗೆ ಸರಿಯಾಗಿಯೇ ಯೋಚಿಸಿದ್ದರು ಎಂದು ನನಗೆ ಅನಿಸುತ್ತದೆ. ಬಿಟ್ಟದ್ದು ಬೆಳೆಯುತ್ತಿದೆಯೇ ಎಂದು ನೋಡಲು ಕುಶಿಂಗ್ ಅವರಿಗೆ ಸ್ಕ್ಯಾನ್ ಇರಲಿಲ್ಲ. ತೆಗೆಯುವಾಗ ನರವನ್ನು ಕಾಣಲು ಡ್ಯಾಂಡಿ ಅವರಿಗೆ ಸೂಕ್ಷ್ಮದರ್ಶಕ ಇರಲಿಲ್ಲ. ಆದರೆ ಮುಂದಿನ ಪೀಳಿಗೆಗಳು ಡ್ಯಾಂಡಿಯವರ ಕೌಶಲದ ಜೊತೆಗೆ ಅವರ ಅಳತೆಗೋಲನ್ನೂ ಎತ್ತಿಕೊಂಡವು. ಪೂರ್ತಿ ತೆಗೆದವರು ಸಮರ್ಥರು, ಬಿಟ್ಟುಬಂದವರು ಅಳುಕಿದವರು ಎಂಬ ಭಾವನೆ ಶಸ್ತ್ರವೈದ್ಯರ ನಡುವೆ ದಶಕಗಟ್ಟಲೆ ಬೇರೂರಿತು.

ಸೂಕ್ಷ್ಮದರ್ಶಕ ಬಂದದ್ದು ಕಿವಿ ವೈದ್ಯರ ದಾರಿಯಿಂದ. 1921ರಲ್ಲಿ ಸ್ವೀಡನ್ನಿನ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಅದನ್ನು ಬಳಸಿದ್ದರು. 1957ರಲ್ಲಿ ಲಾಸ್ ಏಂಜಲಿಸ್‌ನ ಥಿಯೋಡರ್ ಕರ್ಜ್ ಐದು ವರ್ಷದ ಮಗುವೊಂದರ ಮುಖನರದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ತೆಗೆದರು. ನರಶಸ್ತ್ರಚಿಕಿತ್ಸೆಯಲ್ಲಿ ಅದು ಮೊದಲ ಬಳಕೆ. ಅದೇ ಊರಿನಲ್ಲಿ ವಿಲಿಯಂ ಹೌಸ್ ಎಂಬವರು, ಮೊದಲು ದಂತವೈದ್ಯರಾಗಿ ಆಮೇಲೆ ಕಿವಿ ವೈದ್ಯರಾದವರು, 1960ರ ದಶಕದಲ್ಲಿ ಒಳಗಿವಿಯ ಎಲುಬನ್ನು ಡ್ರಿಲ್ಲಿನಿಂದ ಕೊರೆದು ಮುಖನರ ಖಚಿತವಾಗಿ ಸಿಗುವ ಜಾಗದಲ್ಲೇ ಅದನ್ನು ಮೊದಲು ಗುರುತಿಸಿಕೊಂಡು, ಆಮೇಲೆ ಗಡ್ಡೆಗೆ ಕೈಹಾಕುವ ದಾರಿ ಕಂಡುಕೊಂಡರು. ಯೋಚನೆಯ ಕ್ರಮವೇ ತಿರುಗಿತು ಎಂಬುದು ಇಲ್ಲಿ ಮುಖ್ಯ. ಅಲ್ಲಿಯವರೆಗೆ ಗಡ್ಡೆ ಹುಡುಕಿಕೊಂಡು ಹೋಗುತ್ತಿದ್ದರು. ಹೌಸ್ ನರ ಹುಡುಕಿಕೊಂಡು ಹೋದರು. ಮುಖದ ಸ್ನಾಯುಗಳಿಗೆ ಸೂಜಿ ಚುಚ್ಚಿಟ್ಟು, ನರವನ್ನು ತಾಕಿದೊಡನೆ ಸದ್ದು ಮಾಡಿ ಎಚ್ಚರಿಸುವ ನಿಗಾ ಯಂತ್ರವೂ ಮುಂದೆ ಬಂತು. ಇಂದು ಅದಿಲ್ಲದೆ ಈ ಗಡ್ಡೆಗೆ ಕೈಹಾಕುವುದನ್ನು ಯಾರೂ ಸಮರ್ಥಿಸಲಾರರು.

1997ರಲ್ಲಿ ಜರ್ಮನಿಯ ಹ್ಯಾನೋವರ್‌ನಿಂದ ಮಜೀದ್ ಸಮೀ ತಮ್ಮ 1,000 ಗಡ್ಡೆಗಳ ಲೆಕ್ಕ ಪ್ರಕಟಿಸಿದರು. ಸಾವು ಶೇ. 1.1. ಮುಖನರ ತುಂಡಾಗದೆ ಉಳಿದದ್ದು ಶೇ. 93. ಮೊದಲು ಕೇಳುತ್ತಿದ್ದ ಕಿವಿಗಳಲ್ಲಿ ಆಮೇಲೂ ಶ್ರವಣ ಉಳಿದದ್ದು ಶೇ. 39. ನೂರು ವರ್ಷಗಳಲ್ಲಿ ಇಷ್ಟು ದೂರ ಬಂದದ್ದು ಸಣ್ಣ ಸಾಧನೆಯಲ್ಲ, ಇದನ್ನು ಓದಿದಾಗ ನನಗೆ ಗೌರವ ಉಕ್ಕುತ್ತದೆ. ಆದರೂ ನರ ತುಂಡಾಗಿಲ್ಲ ಎನ್ನುವುದಕ್ಕೂ ಮುಖ ಆಡುತ್ತಿದೆ ಎನ್ನುವುದಕ್ಕೂ ಅಂತರವಿದೆ. ಎಳೆದಾಟದಲ್ಲಿ ಬಸವಳಿದ ನರ ಕಣ್ಣಿಗೆ ಇಡಿಯಾಗಿ ಕಂಡರೂ ಕೆಲಸ ಮಾಡದಿರಬಹುದು. ಮೇಲಿನದು ಜಗತ್ತಿನ ಅತ್ಯಂತ ಪಳಗಿದ ಕೈಗಳಲ್ಲೊಂದರ ಲೆಕ್ಕ ಎಂಬುದನ್ನೂ ಮರೆಯಬಾರದು. ವರ್ಷಕ್ಕೆ ಇಂಥ ನಾಲ್ಕೈದು ಗಡ್ಡೆ ನೋಡುವ ಆಸ್ಪತ್ರೆ ಅದೇ ಗುರಿ ಇಟ್ಟುಕೊಂಡರೆ ಅದೇ ಫಲ ಸಿಗುವುದಿಲ್ಲ.

ಮುಖನರ ಹೋದರೆ ಏನಾಗುತ್ತದೆ? ಆಸ್ಪತ್ರೆಯ ಕಾಗದದಲ್ಲಿ ಅದು ಒಂದು ಅಂಕಿ. 1985ರಿಂದ ಬಳಕೆಯಲ್ಲಿರುವ ಹೌಸ್-ಬ್ರಾಕ್‌ಮನ್ ಮಾಪನದಲ್ಲಿ 1 ಎಂದರೆ ಸಹಜ ಮುಖ, 6 ಎಂದರೆ ಪೂರ್ತಿ ಜಡ. ಆ 6ರೊಳಗೆ ಏನೇನಿದೆ ಎಂದು ನೋಡಬೇಕು. ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ನಿದ್ದೆಯಲ್ಲೂ ತೆರೆದೇ ಇರುವ ಕಣ್ಣು ಒಣಗುತ್ತದೆ, ಕಾರ್ನಿಯಾ ಹುಣ್ಣಾಗುತ್ತದೆ, ಪಕ್ಕದ ಸ್ಪರ್ಶನರಕ್ಕೂ ಪೆಟ್ಟಾಗಿದ್ದರೆ ಹುಣ್ಣಾದದ್ದು ಗೊತ್ತೂ ಆಗುವುದಿಲ್ಲ. ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರು ಗಂಟೆಗೊಮ್ಮೆ ಹನಿ ಹಾಕಿಕೊಂಡು ಸಂಭಾಳಿಸಬಹುದು. ಕಣದಲ್ಲಿ ರಾಗಿ ತೂರುವ ಹೆಣ್ಣುಮಗಳು, ಜಲ್ಲಿ ಕ್ರಷರಿನ ಬಳಿ ದುಡಿಯುವ ಗಂಡಾಳು ಮುಚ್ಚದ ಕಣ್ಣನ್ನು ಇಟ್ಟುಕೊಂಡು ಎಲ್ಲಿಗೆ ಹೋಗಬೇಕು? ಅನ್ನ ತಿನ್ನುವಾಗ ಒಂದು ಬದಿಯಿಂದ ಜಾರುತ್ತದೆ, ಕಾಫಿ ಸೋರುತ್ತದೆ. ಪ, ಬ, ಮ ಅಕ್ಷರಗಳು ತುಟಿಗೆ ಸಿಗುವುದಿಲ್ಲ. ನಕ್ಕರೆ ಅರ್ಧ ಮುಖ ಮಾತ್ರ ಏಳುತ್ತದೆ ಎಂದು ತಿಳಿದವರು ನಗುವುದನ್ನೇ ಬಿಡುತ್ತಾರೆ. ಮದುವೆ ಮನೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ರೆಪ್ಪೆಯೊಳಗೆ ಚಿನ್ನದ ಪುಟ್ಟ ತೂಕ ಇಟ್ಟು ಕಣ್ಣು ಮುಚ್ಚುವಂತೆ ಮಾಡುವುದು, ನಾಲಗೆಯ ನರವನ್ನು ಮುಖನರಕ್ಕೆ ಜೋಡಿಸುವುದು ಇಂಥ ಮರುಚಿಕಿತ್ಸೆಗಳಿವೆ. ಅವು ಉಪಕಾರಿ, ಆದರೆ ಹುಟ್ಟಿನ ಮುಖವನ್ನು ಅವು ಮರಳಿ ಕೊಡಲಾರವು.

ಗಂಟಲಿನ ನರಗಳ ನಷ್ಟ ಇನ್ನೂ ಕಠಿಣ. ಬುರುಡೆಯ ತಳದ ಹಿಂಭಾಗದಲ್ಲಿ, ಜುಗುಲರ್ ರಂಧ್ರದ ಸುತ್ತ ಬೆಳೆಯುವ ಗಡ್ಡೆಗಳನ್ನು ತೆಗೆಯುವಾಗ ಒಂಬತ್ತನೆಯ, ಹತ್ತನೆಯ ನರಗಳಿಗೆ ಪೆಟ್ಟಾದರೆ ರೋಗಿಗೆ ಎಂಜಲನ್ನೂ ನುಂಗಲಾಗುವುದಿಲ್ಲ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೂಗಿನ ನಳಿಗೆ, ಕತ್ತಿನ ರಂಧ್ರ, ತಿಂಗಳುಗಟ್ಟಲೆ ಆಸ್ಪತ್ರೆ. ‘ಗಡ್ಡೆ ಪೂರ್ತಿ ತೆಗೆಯಲಾಗಿದೆ’ ಎಂದು ಬರೆದ ಡಿಸ್ಚಾರ್ಜ್ ಹಾಳೆ ಕೈಯಲ್ಲಿರುತ್ತದೆ, ನಿಜ.

ಮೆನಿಂಜಿಯೋಮಾಗಳ ವಿಷಯದಲ್ಲಿ ‘ಪೂರ್ತಿ’ ಎಂಬ ಆದರ್ಶಕ್ಕೆ ಒಂದು ಪ್ರಬಂಧವೇ ಆಧಾರವಾಯಿತು. 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಎಷ್ಟು ತೆಗೆದರೆ ಎಷ್ಟು ಮರಳುತ್ತದೆ ಎಂದು ಲೆಕ್ಕ ಹಾಕಿ ಐದು ದರ್ಜೆ ಮಾಡಿದರು. ಗಡ್ಡೆಯ ಜೊತೆಗೆ ಅದು ಅಂಟಿದ ಹೊದಿಕೆಯನ್ನೂ ಅದು ಹೊಕ್ಕ ಎಲುಬನ್ನೂ ತೆಗೆದರೆ ಮೊದಲ ದರ್ಜೆ, ಮರಳುವುದು ಶೇ. 9. ಹೊದಿಕೆಯನ್ನು ಸುಟ್ಟು ಬಿಟ್ಟರೆ ಎರಡನೆಯದು, ಶೇ. 19. ಬಿಟ್ಟಷ್ಟೂ ಅಂಕಿ ಏರುತ್ತದೆ. ನೆತ್ತಿಯ ಕೆಳಗಿನ ಮೆನಿಂಜಿಯೋಮಾಕ್ಕೆ ಇದು ಒಳ್ಳೆಯ ದಾರಿದೀಪ. ಆದರೆ ಕಣ್ಣಿನ ಹಿಂದಿರುವ ಕ್ಯಾವರ್ನಸ್ ಸೈನಸ್ ಎಂಬ, ರಕ್ತ ತುಂಬಿದ ಪುಟ್ಟ ಕೋಶದ ಒಳಗಿನ ಗಡ್ಡೆಗೆ ಅದನ್ನೇ ಅನ್ವಯಿಸುವುದು ಹೇಗೆ? ಅದರೊಳಗೆ ಕ್ಯಾರೊಟಿಡ್ ಅಪಧಮನಿ ಇದೆ, ಕಣ್ಣು ತಿರುಗಿಸುವ ಮೂರು ನರಗಳಿವೆ, ಮುಖದ ಸ್ಪರ್ಶದ ಎಳೆಗಳಿವೆ. 1965ರಲ್ಲಿ ಕೆನಡಾದ ಡ್ವೈಟ್ ಪಾರ್ಕಿನ್ಸನ್ ಅಲ್ಲಿಗೆ ಹೋಗಲು ಸಾಧ್ಯ ಎಂದು ತೋರಿಸಿದರು. 1980ರ ದಶಕದಲ್ಲಿ ಲ್ಯುಬ್ಲಿಯಾನಾದ ವಿಂಕೊ ಡೊಲೆಂಕ್ ಆ ದಾರಿಯನ್ನು ವಿಸ್ತರಿಸಿದರು. ಮುಂದಿನ ಒಂದು ದಶಕ ಜಗತ್ತಿನಾದ್ಯಂತ ಅತಿ ಸಮರ್ಥ ಕೈಗಳು ಈ ಕೋಶವನ್ನು ತೆರೆದು ಗಡ್ಡೆಯನ್ನು ಪೂರ್ತಿ ತೆಗೆಯಲು ಯತ್ನಿಸಿದವು. ಕಣ್ಣುಗಳು ಕದಲದಾದವು, ಎರಡೆರಡು ಕಾಣತೊಡಗಿತು, ಕೆಲವರಿಗೆ ಪಾರ್ಶ್ವವಾಯು ಬಡಿಯಿತು. ತೆಗೆದ ಅಂಗಾಂಶವನ್ನು ಪರೀಕ್ಷಿಸಿದಾಗ ನರದ ಎಳೆಗಳ ನಡುವೆಯೂ ಅಪಧಮನಿಯ ಗೋಡೆಯೊಳಗೂ ಗಡ್ಡೆಯ ಜೀವಕಣಗಳು ಹೊಕ್ಕಿದ್ದವು. ನರವನ್ನು ಬಲಿ ಕೊಡದೆ ಪೂರ್ತಿ ತೆಗೆಯುವುದು ಅಲ್ಲಿ ಅಸಾಧ್ಯವೇ ಆಗಿತ್ತು.

ಆಮೇಲೆ ಆ ಪಂಥ ಹಿಂದೆ ಸರಿಯಿತು. ಇಂದು ಬಹುತೇಕ ಕೇಂದ್ರಗಳು ಕೋಶದ ಹೊರಗಿನ ಗಡ್ಡೆಯನ್ನು ತೆಗೆದು, ದೃಷ್ಟಿನರದ ಮೇಲಿನ ಒತ್ತಡ ಇಳಿಸಿ, ಒಳಗಿನದನ್ನು ವಿಕಿರಣಕ್ಕೆ ಬಿಡುತ್ತವೆ. ಈ ಹಿಂದಡಿಯನ್ನು ನಾನು ಆಧುನಿಕ ನರಶಸ್ತ್ರಚಿಕಿತ್ಸೆಯ ಅತ್ಯಂತ ಪ್ರಬುದ್ಧ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಮಾಡಲು ಬರುವವರೇ ಮಾಡಬಾರದು ಎಂದು ತೀರ್ಮಾನಿಸಿದ್ದರಿಂದ ಅದಕ್ಕೆ ಬೆಲೆ.

ಆ ವಿಕಿರಣದ ಮೂಲ ಸ್ಟಾಕ್‌ಹೋಮ್. ಲಾರ್ಸ್ ಲೆಕ್ಸೆಲ್ 1951ರಲ್ಲೇ ಯೋಚನೆಯನ್ನು ಮುಂದಿಟ್ಟಿದ್ದರು, 1960ರ ದಶಕದ ಕೊನೆಗೆ ಗಾಮಾ ನೈಫ್ ಯಂತ್ರ ಸಿದ್ಧವಾಯಿತು. ಕೋಬಾಲ್ಟ್‌ನಿಂದ ಹೊರಡುವ ಸುಮಾರು 200 ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗಡ್ಡೆಯಲ್ಲಿ ಮಾತ್ರ ಸಂಧಿಸುತ್ತವೆ. ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತದೆ. ಸುಮಾರು ಮೂರು ಸೆಂಟಿಮೀಟರ್‌ವರೆಗಿನ ಗಡ್ಡೆಗೆ ಇದು ಸಲ್ಲುತ್ತದೆ, ಮಿದುಳಕಾಂಡವನ್ನು ಅಮುಕುತ್ತಿರುವ ದೊಡ್ಡದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಯಂತ್ರವಿದೆ.

ಏನೂ ಮಾಡದೆ ನೋಡುತ್ತಿರುವುದೂ ಒಂದು ಚಿಕಿತ್ಸೆಯೇ. ಡೆನ್ಮಾರ್ಕಿನಲ್ಲಿ 552 ರೋಗಿಗಳ ಗಡ್ಡೆಗಳನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲುವೆಯೊಳಗೇ ಇದ್ದ ಶ್ರವಣನರದ ಗಡ್ಡೆಗಳಲ್ಲಿ ಬೆಳೆದದ್ದು ಶೇ. 17, ಹೊರಗೆ ಬಂದವುಗಳಲ್ಲಿ ಶೇ. 29. ಉಳಿದವು ಬೆಳೆಯಲಿಲ್ಲ. 2023ರಲ್ಲಿ ನಾರ್ವೆಯವರು ಸಣ್ಣ ಗಡ್ಡೆಯ 100 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಗಾಮಾ ನೈಫ್, ಇನ್ನೊಂದಕ್ಕೆ ಕಾದು ನೋಡುವ ಕ್ರಮ ಅನುಸರಿಸಿದ ಪ್ರಯೋಗದ ಫಲ ಪ್ರಕಟಿಸಿದರು. ನಾಲ್ಕು ವರ್ಷಗಳಲ್ಲಿ ವಿಕಿರಣ ಪಡೆದವರ ಗಡ್ಡೆ ಕುಗ್ಗಿತ್ತು, ಕಾದವರದು ಸರಾಸರಿಯಲ್ಲಿ ಬೆಳೆದಿತ್ತು. ಶ್ರವಣ, ಸಮತೋಲ, ದಿನನಿತ್ಯದ ಬದುಕಿನ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇಗ ವಿಕಿರಣ ಕೊಡಬೇಕು ಎನ್ನುವವರೂ ಕಾಯಬಹುದು ಎನ್ನುವವರೂ ಇದೇ ಪ್ರಯೋಗವನ್ನು ಉದಾಹರಿಸುತ್ತಾರೆ. ನನಗೆ ಕಾಣುವುದು ಇಷ್ಟು: ಸಣ್ಣ ಗಡ್ಡೆ ಪತ್ತೆಯಾದ ವಾರದಲ್ಲೇ ತಲೆ ತೆರೆಯಬೇಕಾದ ತುರ್ತು ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರುವಾದಕ್ಕೆ ಉತ್ತರಿಸಲೇಬೇಕು. ಅದು ಬಲವಾದ ವಾದ.

ಮೊದಲನೆಯದಾಗಿ, ಬಿಡಬಾರದ ಗಡ್ಡೆಗಳೂ ಇವೆ. ಭ್ರೂಣದ ಬೆನ್ನೆಲುಬಿನ ಉಳಿಕೆಯಿಂದ ಹುಟ್ಟುವ ಕಾರ್ಡೋಮಾ ವರ್ಷಕ್ಕೆ ಹತ್ತು ಲಕ್ಷಕ್ಕೊಬ್ಬರಿಗೆ ಬರುವ ವಿರಳ ಗಡ್ಡೆ. ನಿಧಾನವಾಗಿ ಬೆಳೆದರೂ ಅದು ಹಟಮಾರಿ, ಸಾಮಾನ್ಯ ವಿಕಿರಣಕ್ಕೆ ಬಗ್ಗುವುದಿಲ್ಲ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ತೆಗೆಯುತ್ತಾರೋ ಅದರ ಮೇಲೆಯೇ ಮುಂದಿನ ಆಯುಸ್ಸು ನಿಂತಿದೆ. ಉಳಿದದ್ದಕ್ಕೆ ಪ್ರೋಟಾನ್ ಕಿರಣ ಬೇಕು. ಚೆನ್ನೈನಲ್ಲಿ 2019ರಿಂದ, ಆಮೇಲೆ ಟಾಟಾ ಸ್ಮಾರಕ ಕೇಂದ್ರದ ನವಿ ಮುಂಬೈ ಆವರಣದಲ್ಲಿ ಅದು ಸಿಗುತ್ತಿದೆ. ಇಲ್ಲಿ ಹಿಂಜರಿದರೆ ಅದು ದಯೆಯಲ್ಲ. ಹಾಗೆಯೇ ಇಪ್ಪತ್ತೈದರ ಯುವಕನ ಗಡ್ಡೆಗೂ ಎಪ್ಪತ್ತೈದರ ಅಜ್ಜಿಯ ಗಡ್ಡೆಗೂ ಒಂದೇ ತೀರ್ಮಾನ ಸಲ್ಲದು. ಉಳಿದ ಪದರ ಬೆಳೆಯಲು ಯುವಕನ ಮುಂದೆ ಐವತ್ತು ವರ್ಷಗಳಿವೆ. ನರದ ಮೇಲಿನ ತೆಳು ಪದರವನ್ನು ಬಿಡುವುದಕ್ಕೂ ಧೈರ್ಯ ಸಾಲದೆ ಅರ್ಧ ಗಡ್ಡೆ ಬಿಟ್ಟುಬರುವುದಕ್ಕೂ ತುಂಬ ಅಂತರವಿದೆ. ದೊಡ್ಡ ತುಣುಕು ಬಿಟ್ಟರೆ ಮತ್ತೆ ಬೆಳೆಯುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಎಲ್ಲಿ ನಿಲ್ಲಬೇಕು ಎಂಬುದು ಕೊನೆಯ ಅಂಚಿನವರೆಗೆ ಹೋಗಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. ಸಂಯಮದ ಹೆಸರಿನಲ್ಲಿ ಅಸಾಮರ್ಥ್ಯ ನುಸುಳಬಾರದು.

ಎರಡನೆಯ ಆಕ್ಷೇಪ ನಮ್ಮ ನೆಲದ್ದು, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ನಾರ್ವೆಯಲ್ಲಿ ಬಿಟ್ಟ ಗಡ್ಡೆಗೆ ವರ್ಷ ವರ್ಷ ಎಂಆರ್‌ಐ ಆಗುತ್ತದೆ. ಬೀದರಿನ ರೋಗಿ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್ ಬರಬೇಕು. ಜೊತೆಗೊಬ್ಬರು, ಎರಡು ಮೂರು ದಿನದ ಕೂಲಿ, ಛತ್ರದ ಬಾಡಿಗೆ, ಸ್ಕ್ಯಾನಿನ ಖರ್ಚು. ಮೊದಲ ವರ್ಷ ಬರುತ್ತಾರೆ, ಎರಡನೆಯ ವರ್ಷ ‘ಚೆನ್ನಾಗೇ ಇದೀನಲ್ಲ’ ಎಂದು ಉಳಿಯುತ್ತಾರೆ, ಏಳನೆಯ ವರ್ಷ ಗಡ್ಡೆ ಮಿದುಳಕಾಂಡವನ್ನು ಒತ್ತಿ ನಡಿಗೆ ತಪ್ಪಿದಾಗ ಬರುತ್ತಾರೆ. ಎರಡನೆಯ ಸಲ ತೆರೆದಾಗ ಎಲ್ಲ ಅಂಟಿಕೊಂಡಿರುತ್ತದೆ, ನರ ಗುರುತೇ ಸಿಗುವುದಿಲ್ಲ. ಆದ್ದರಿಂದ ಮತ್ತೆ ಬರಲಾಗದವರಿಗೆ ಒಂದೇ ಸಲ ಪೂರ್ತಿ ತೆಗೆದುಬಿಡುವುದೇ ನಿಜವಾದ ಕರುಣೆ, ಮುಖ ಹೋದರೂ ಜೀವ ಉಳಿಯಿತಲ್ಲ ಎಂದು ಈ ವಾದ ಹೇಳುತ್ತದೆ. ನಮ್ಮಲ್ಲಿ ಗಡ್ಡೆಗಳು ಪತ್ತೆಯಾಗುವ ಹೊತ್ತಿಗೆ ದೊಡ್ಡದಾಗಿರುತ್ತವೆ ಎಂಬುದು ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಇದನ್ನು ಹೇಳುವವರು ರೋಗಿಯ ಬಡತನವನ್ನು ಕಣ್ಣಾರೆ ಕಂಡವರು, ಅವರ ಕಾಳಜಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಈ ವಾದದ ಒಳಗೆ ಒಂದು ಅನ್ಯಾಯ ಅಡಗಿದೆ. ಬಸ್ಸಿಗೆ ದುಡ್ಡಿಲ್ಲದ್ದಕ್ಕೆ ಬಡವರು ತಮ್ಮ ಮುಖ ತೆರಬೇಕು, ದುಡ್ಡಿದ್ದವರು ಮುಖ ಉಳಿಸಿಕೊಂಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬಹುದು ಎಂದು ಅದು ತೀರ್ಪು ಕೊಡುತ್ತದೆ. ರೋಗಿ ಬರಲಾಗದಿದ್ದರೆ ಸ್ಕ್ಯಾನ್ ಅವರ ಬಳಿ ಹೋಗಬೇಕು. ಇಂದು ವಿಭಾಗ ಕೇಂದ್ರಗಳಲ್ಲಿ ಎಂಆರ್‌ಐ ಯಂತ್ರಗಳಿವೆ. ಕಲಬುರಗಿಯಲ್ಲೋ ಹುಬ್ಬಳ್ಳಿಯಲ್ಲೋ ತೆಗೆದ ಚಿತ್ರವನ್ನು ಬೆಂಗಳೂರಿನ ತಜ್ಞರು ಕೂತಲ್ಲೇ ನೋಡಬಹುದು, ಹಳೆಯ ಚಿತ್ರದ ಪಕ್ಕದಲ್ಲಿಟ್ಟು ಮಿಲಿಮೀಟರ್ ಅಳೆಯಬಹುದು. ತಂತ್ರಜ್ಞಾನ ಸಿದ್ಧವಾಗಿದೆ, ವ್ಯವಸ್ಥೆ ಕಟ್ಟುವ ಮನಸ್ಸು ಬೇಕು.

ಬುರುಡೆಯ ತಳವನ್ನು ತಲುಪುವ ಇನ್ನೊಂದು ದಾರಿಯಾದ ಮೂಗಿನ ಬಗ್ಗೆ ಇಲ್ಲಿ ಸ್ವಲ್ಪದರಲ್ಲೇ ಹೇಳುತ್ತೇನೆ, ಅದರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಪಿಟ್ಯುಟರಿ ಗಡ್ಡೆಯನ್ನು ಮೊದಲ ಬಾರಿಗೆ ಮೂಗಿನ ಮೂಲಕ ತೆಗೆದರು. ತೊಂಬತ್ತು ವರ್ಷಗಳ ಬಳಿಕ ಪಿಟ್ಸ್‌ಬರ್ಗಿನ ತಂಡ ಎಂಡೋಸ್ಕೋಪನ್ನು ಅಲ್ಲಿಗೆ ತಂದಿತು. ಮಿದುಳನ್ನು ಸರಿಸದೆ ಕೆಳಗಿನಿಂದಲೇ ಗಡ್ಡೆ ತಲುಪುವುದು ದೊಡ್ಡ ಅನುಕೂಲ. ಮೂಗಿಗೂ ಮಿದುಳಿಗೂ ನಡುವಿನ ತೂತಿನಿಂದ ಮಿದುಳದ್ರವ ಸೋರಿ ಮೆನಿಂಜೈಟಿಸ್ ಆಗುವುದು ಅದರ ದೊಡ್ಡ ತೊಡಕಾಗಿತ್ತು. 2006ರಲ್ಲಿ ಅರ್ಜೆಂಟೀನಾದ ರೊಸಾರಿಯೊದ ವೈದ್ಯರು ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ತೂತು ಮುಚ್ಚುವ ಬಗೆಯನ್ನು ಪ್ರಕಟಿಸಿದ ಮೇಲೆ ಸೋರಿಕೆ ಗಣನೀಯವಾಗಿ ತಗ್ಗಿತು. ಇಷ್ಟು ಸುಲಭವಾದ ದಾರಿ ಇದ್ದರೂ ಪಿಟ್ಯುಟರಿಯ ಪ್ರೊಲ್ಯಾಕ್ಟಿನೋಮಾ ಎಂಬ ಗಡ್ಡೆಗೆ ಹೆಚ್ಚಿನವರಲ್ಲಿ ಚಾಕುವೇ ಬೇಡ. ಕ್ಯಾಬರ್ಗೋಲಿನ್ ಮಾತ್ರೆಗೆ ಅದು ಕುಗ್ಗುತ್ತದೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಅಳೆಯದೆ ಯಾರೂ ಪಿಟ್ಯುಟರಿ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು.

ಹಾಗಾದರೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಯಾರು? ಒಬ್ಬರೇ ಶಸ್ತ್ರವೈದ್ಯರು ಅಲ್ಲ. ಚಾಕು ಹಿಡಿದವರಿಗೆ ಚಾಕುವಿನ ಮೇಲೆ, ಕಿರಣ ಹಿಡಿದವರಿಗೆ ಕಿರಣದ ಮೇಲೆ ನಂಬಿಕೆ ಹೆಚ್ಚು. ಅದು ಮನುಷ್ಯ ಸ್ವಭಾವ. ನರಶಸ್ತ್ರವೈದ್ಯರು, ಕಿವಿ-ಮೂಗು-ಗಂಟಲು ವೈದ್ಯರು, ವಿಕಿರಣ ತಜ್ಞರು, ಹಾರ್ಮೋನ್ ತಜ್ಞರು ಒಂದೇ ಮೇಜಿನ ಸುತ್ತ ಕೂತು ಸ್ಕ್ಯಾನ್ ನೋಡುವ ಟ್ಯೂಮರ್ ಬೋರ್ಡ್ ಇರುವ ಕಡೆಗೇ ರೋಗಿ ಹೋಗಬೇಕು. ಬೆಂಗಳೂರಿಗೆ ಬುರುಡೆಯ ತಳದ ಪರಿಚಯ ಹೊಸದಲ್ಲ. ನಿಮ್ಹಾನ್ಸ್ ಕಟ್ಟಿದ ಡಾ. ಆರ್. ಎಂ. ವರ್ಮ ಅವರು ಈ ತಳದ ಫೊರಾಮೆನ್ ಓವೇಲ್ ಎಂಬ ರಂಧ್ರದ ಮೂಲಕವೇ ಸೂಜಿ ಹಾಯಿಸಿ ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ಮಾಡುವ ಕ್ರಮ ರೂಪಿಸಿದ್ದರು. ಅಂಥ ಪರಂಪರೆಯ ಊರಿನಲ್ಲಿ ಕೂಡಿ ಕೂತು ತೀರ್ಮಾನಿಸುವ ಪದ್ಧತಿ ದೊಡ್ಡ ಆಸ್ಪತ್ರೆಗಳಿಗೆಲ್ಲ ಕಡ್ಡಾಯವಾಗಬೇಕು.

ಆ ಮೇಜಿನಲ್ಲಿ ರೋಗಿಗೂ ಜಾಗ ಬೇಕು. ನಮ್ಮಲ್ಲಿ ಒಪ್ಪಿಗೆ ಪತ್ರಕ್ಕೆ ಗಂಡನೋ ಮಗನೋ ಸಹಿ ಹಾಕುತ್ತಾರೆ, ‘ಅವಳಿಗೆ ಹೇಳಬೇಡಿ, ಹೆದರುತ್ತಾಳೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪಣಕ್ಕಿಟ್ಟಿರುವುದು ಆಕೆಯ ಮುಖ. ಶಾಲೆಯಲ್ಲಿ ಪಾಠ ಮಾಡುವವಳು ತನ್ನ ಮಾತು ಸ್ಪಷ್ಟವಾಗಿರಬೇಕೆಂದು, ಮುಂದೆ ಎರಡನೆಯ ಚಿಕಿತ್ಸೆ ಬೇಕಾದರೂ ಸರಿ ಎಂದು ಹೇಳಬಹುದು. ಇನ್ನೊಬ್ಬಳು ತಲೆಯೊಳಗೆ ಗಡ್ಡೆ ಉಳಿದಿದೆ ಎಂಬ ಯೋಚನೆಯಲ್ಲೇ ನಿದ್ದೆಗೆಡುವವಳು, ಮುಖ ತುಸು ಸೊಟ್ಟಾದರೂ ಪರವಾಗಿಲ್ಲ, ತೆಗೆದುಬಿಡಿ ಎನ್ನಬಹುದು. ಎರಡೂ ಸರಿಯಾದ ತೀರ್ಮಾನಗಳೇ, ಅವರವರೇ ಮಾಡಿದರೆ. ಅದಕ್ಕೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಐದು ನಿಮಿಷ ಸಾಲದು. ವಾರಗಳ ಮೊದಲೇ, ಆಕೆಯ ನುಡಿಯಲ್ಲಿ, ಕನ್ನಡಿ ಮುಂದೆ ಕೂರಿಸಿ ಹೇಳಬೇಕು: ಈ ಕಣ್ಣು, ಈ ಕಿವಿ, ಈ ತುಟಿ, ಇವುಗಳಿಗೆ ಇಷ್ಟಿಷ್ಟು ಅಪಾಯ ಎಂದು.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಸಣ್ಣದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಬುರುಡೆಯ ತಳದ ಗಡ್ಡೆಯ ಶಸ್ತ್ರಚಿಕಿತ್ಸೆ ಎಂದರೆ ಕೊಠಡಿಯೊಳಗಿನ ಹತ್ತು ಗಂಟೆಗಳಲ್ಲ, ಆಮೇಲಿನ ಹತ್ತು ವರ್ಷಗಳ ಎಂಆರ್‌ಐಗಳೂ ಕಣ್ಣಿನ ಆರೈಕೆಯೂ ನುಂಗುವ ತರಬೇತಿಯೂ ಸೇರಿ ಒಂದೇ ಚಿಕಿತ್ಸೆ ಎಂದು ಪರಿಗಣಿಸಿ ಹಣ ತೆಗೆದಿಡಬೇಕು. ಸ್ಕ್ಯಾನ್ ವಿಭಾಗ ಕೇಂದ್ರದಲ್ಲೇ ಆಗಬೇಕು. ಈ ಶಸ್ತ್ರಚಿಕಿತ್ಸೆ ಮಾಡುವ ಪ್ರತಿ ಆಸ್ಪತ್ರೆಯೂ ವರ್ಷಕ್ಕೆ ಎಷ್ಟು ಮಾಡಿದೆ, ಒಂದು ವರ್ಷದ ಬಳಿಕ ಎಷ್ಟು ಮಂದಿಯ ಮುಖ ಆಡುತ್ತಿದೆ ಎಂದು ಪ್ರಕಟಿಸಬೇಕು. ರೋಗಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಆರಿಸಿಕೊಳ್ಳುವಾಗ ಅದಕ್ಕಿಂತ ಉಪಯುಕ್ತ ಅಂಕಿ ಬೇರೆ ಇಲ್ಲ.

ಓದುಗರಿಗೆ ಒಂದು ಮಾತು. ಈ ಎಲ್ಲ ಆಯ್ಕೆಗಳೂ ತೆರೆದಿರುವುದು ಗಡ್ಡೆ ಸಣ್ಣದಿದ್ದಾಗ. ಎರಡೂ ಕಿವಿ ಒಟ್ಟಿಗೆ ಮಂದವಾದರೆ ಅದು ವಯಸ್ಸಿನದಿರಬಹುದು. ಒಂದೇ ಕಿವಿ ಮಂದವಾದರೆ, ಒಂದೇ ಕಿವಿಯಲ್ಲಿ ಸದ್ದು ನಿಲ್ಲದಿದ್ದರೆ, ಫೋನನ್ನು ತಿಳಿಯದೆಯೇ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಿದ್ದರೆ ಕಿವಿಗೆ ಎಣ್ಣೆ ಬಿಟ್ಟುಕೊಂಡು ವರ್ಷ ಕಳೆಯಬೇಡಿ. ಕನ್ನಡಕ ಎರಡು ಸಲ ಬದಲಿಸಿದರೂ ಪಕ್ಕದ ನೋಟ ಮಸುಕಾಗಿಯೇ ಇದ್ದರೆ ಮೂರನೆಯ ಕನ್ನಡಕ ಕೊಳ್ಳಬೇಡಿ. ಶ್ರವಣ ಪರೀಕ್ಷೆಯನ್ನೋ ದೃಷ್ಟಿ ಕ್ಷೇತ್ರದ ಪರೀಕ್ಷೆಯನ್ನೋ ಮಾಡಿಸಿ, ವೈದ್ಯರು ಹೇಳಿದರೆ ಎಂಆರ್‌ಐ ಮಾಡಿಸಿ, ಇದೇ ತಿಂಗಳು.